ಸುಲಿಯುವ ಯಂತ್ರ ಉಳಿಸಿದ ಸಮಯ ಎಲ್ಲಿಗೆ ಹೋಯಿತು?

ಪೆರ್ಲದ ಕೃಷಿಕ (ಪ್ರಶ್ನೆ):
ನಮ್ಮದು ಸಣ್ಣ ಅಡಿಕೆ ತೋಟ. ಎರಡು ವರ್ಷಗಳ ಹಿಂದಿನವರೆಗೆ, ಅಂಗಳದಲ್ಲಿ ನಲವತ್ತು ದಿನ ಒಣಗಿದ ಅಡಿಕೆಯನ್ನು ಸುಲಿಯಲು ನೆರೆಯ ನಾಲ್ಕೈದು ಮಂದಿ ಹೆಂಗಸರು ಬರುತ್ತಿದ್ದರು. ರಾತ್ರಿ ಊಟವಾದ ಬಳಿಕ ಮನೆಯವರೆಲ್ಲರೂ ಚಾವಡಿಯಲ್ಲಿ ಕತ್ತಿ ಹಿಡಿದು ಕುಳಿತರೂ ಕೆಲಸ ಮುಗಿಯಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಈಗ ಬಾಡಿಗೆಗೆ ಬರುವ ಯಂತ್ರ ಎರಡೇ ದಿನಗಳಲ್ಲಿ ಎಲ್ಲವನ್ನೂ ಸುಲಿದು ಹೋಗುತ್ತದೆ. ಹಾಗಿದ್ದರೂ ಉಳಿದ ಸಮಯ ನನ್ನ ಕೈಗೆ ಸಿಕ್ಕಿದೆ ಎಂದು ಅನಿಸುವುದಿಲ್ಲ. ಹಿಂದೆ ಸುಲಿದಷ್ಟನ್ನು ಸುಲಿದ ಹಾಗೆಯೇ ಮಾರುತ್ತಿದ್ದೆವು. ಈಗ ಇಡೀ ಫಸಲು ಒಮ್ಮೆಲೇ ಚೀಲಗಳಲ್ಲಿ ಕುಳಿತಿರುವುದರಿಂದ ದಿನಕ್ಕೆ ನಾಲ್ಕು ಬಾರಿ ಧಾರಣೆ ನೋಡುವುದೇ ನನಗೊಂದು ಕೆಲಸವಾಗಿದೆ. ಕೆಲಸವನ್ನು ಹಗುರ ಮಾಡುವ ಯಂತ್ರ ಬದುಕನ್ನೂ ಉತ್ತಮಗೊಳಿಸುತ್ತದೆಯೇ, ಅಥವಾ ಅವೆರಡನ್ನೂ ನಾವು ಒಂದೇ ಎಂದು ತಿಳಿದಿದ್ದೇವೆಯೇ? ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಮುಳ್ಳೇರಿಯದಿಂದ:
ಸುಲಿಯುವ ಕೆಲಸದಲ್ಲಿ ಜೀವ ಹೋಗುವುದಿಲ್ಲ, ಆದ್ದರಿಂದಲೇ ತಮಗೆ ಈ ಸಂಶಯ ಬಂದಿದೆ. ಮರ ಹತ್ತುವ ಕೆಲಸವನ್ನು ನೋಡಿ. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ, ಮಳೆಗಾಲದಲ್ಲಿ ಜಾರುವ ಮರವನ್ನೇರಿ, ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಮದ್ದು ಬಿಡುತ್ತಿದ್ದವರಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಕಂಡಿದ್ದೇನೆ. ನೆಲದಿಂದಲೇ ಮರದ ತುದಿ ಮುಟ್ಟುವ ಹಗುರವಾದ ಉದ್ದ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನನ್ನ ತೋಟದಲ್ಲಿ ಕೊಯ್ಲೂ ಮದ್ದೂ ನೆಲದಲ್ಲಿ ನಿಂತೇ ನಡೆಯುತ್ತಿವೆ. ಇದರಿಂದ ಬದುಕು ಉತ್ತಮವಾಯಿತೇ ಎಂದು ಕೇಳುವುದು ಮರ ಹತ್ತದವರಿಗೆ ಮಾತ್ರ ಸಾಧ್ಯ. ದಿನವಿಡೀ ತಲೆಯೆತ್ತಿ ನೋಡಿ ಕುತ್ತಿಗೆ ನೋಯುತ್ತದೆ ಎಂಬುದು ನಿಜ, ಆದರೆ ಆ ನೋವಿನಿಂದ ಯಾರೂ ಸತ್ತಿಲ್ಲ.

ಬಾಯಾರಿನಿಂದ:
ದೋಟಿಯ ವಿಷಯದಲ್ಲಿ ಹಿಂದಿನವರ ಮಾತನ್ನು ಒಪ್ಪುತ್ತೇನೆ. ನೀರಿನ ವಿಷಯದಲ್ಲಿ ಮಾತ್ರ ನನ್ನ ಅನುಭವ ತದ್ವಿರುದ್ಧ. ಅಜ್ಜನ ಕಾಲದಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ, ಒಬ್ಬ ಮನುಷ್ಯ ಹೋಗಬಹುದಾದಷ್ಟೇ ಅಗಲದ ಸುರಂಗದಿಂದ ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತಿತ್ತು. ಅದಕ್ಕೆ ವಿದ್ಯುತ್ತೂ ಬೇಡ, ಪಂಪೂ ಬೇಡ. ಸುರಂಗ ಕೊಟ್ಟಷ್ಟೇ ನೀರು, ನೀರಿದ್ದಷ್ಟೇ ತೋಟ. ಆಮೇಲೆ ಕೊಳವೆಬಾವಿ ಬಂತು, ಅದರ ನೀರು ಇಳಿದಾಗ ಹನಿ ನೀರಾವರಿ ಬಂತು. ಹನಿ ನೀರಾವರಿಯಿಂದ ಮರವೊಂದಕ್ಕೆ ಬೇಕಾಗುವ ನೀರು ಬಹಳ ಕಡಿಮೆಯಾಯಿತು, ಇದರಲ್ಲಿ ಸಂಶಯವಿಲ್ಲ. ಆದರೆ ಉಳಿದ ನೀರನ್ನು ನೆಲದಲ್ಲೇ ಬಿಡಲು ನಮಗೆ ಮನಸ್ಸಾಗಲಿಲ್ಲ. ಗೇರು ಇದ್ದ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ ಅಲ್ಲಿಗೂ ಅಡಿಕೆ ಏರಿಸಿದೆವು, ಮತ್ತೆ ಎರಡನೆಯ ಕೊಳವೆಬಾವಿ ತೆಗೆಸಿದೆವು. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ ಕಲ್ಲಿದ್ದಲಿನ ಬಗ್ಗೆ ಹೇಳಿದ್ದು ಇದನ್ನೇ: ಜೇಮ್ಸ್ ವಾಟ್‌ನ ಉಗಿಯಂತ್ರ ಅದೇ ಕೆಲಸಕ್ಕೆ ಕಡಿಮೆ ಕಲ್ಲಿದ್ದಲು ಉರಿಸಿತು, ಅದರಿಂದಾಗಿಯೇ ಯಂತ್ರಗಳು ಎಲ್ಲೆಡೆ ಹಬ್ಬಿ ದೇಶ ಉರಿಸುವ ಒಟ್ಟು ಕಲ್ಲಿದ್ದಲು ಹೆಚ್ಚಿತು. ನಮ್ಮ ಸುರಂಗ ಈಗ ಮಾರ್ಚ್ ತಿಂಗಳಲ್ಲೇ ಒಣಗುತ್ತದೆ.

ಎಣ್ಮಕಜೆಯ ಓದುಗ:
ಗೇರಿನ ಮಾತು ಬಂದುದರಿಂದ ಒಂದನ್ನು ಸೇರಿಸುತ್ತೇನೆ. ಗೇರಿನ ಚಿಗುರು, ಹೂಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟದ ಹಾವಳಿ ತಡೆಯಲು ನಮ್ಮ ಕಾಸರಗೋಡಿನ ಸರಕಾರಿ ಗೇರುತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಆಳುಗಳ ಲೆಕ್ಕದಲ್ಲಿ ನೋಡಿದರೆ ಅದಕ್ಕಿಂತ ದಕ್ಷ ವಿಧಾನ ಇನ್ನೊಂದಿರಲಾರದು. ಗುಡ್ಡದ ಕೆಳಗಿನ ತೋಡು, ಬಾವಿ, ಮನೆಗಳು ಆ ಲೆಕ್ಕದಲ್ಲಿ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ.

ಬದಿಯಡ್ಕದಿಂದ ಒಬ್ಬಳು:
ಪ್ರಶ್ನೆಯಲ್ಲಿ ಒಮ್ಮೆ ಬಂದು ಮತ್ತೆ ಕಾಣದೆ ಹೋದ ಆ ನಾಲ್ಕೈದು ಹೆಂಗಸರ ಬಗ್ಗೆ ಯಾರೂ ಮಾತನಾಡಲಿಲ್ಲ. ನನ್ನ ಅಮ್ಮನೂ ಹಾಗೆ ಕಿಲೋ ಲೆಕ್ಕದಲ್ಲಿ ಸುಲಿಯಲು ಹೋಗುತ್ತಿದ್ದವರು. ಹೆಬ್ಬೆರಳು ಒಡೆಯುತ್ತಿತ್ತು, ಬೆನ್ನು ನೋಯುತ್ತಿತ್ತು. ಆ ಕೆಲಸ ತಪ್ಪಿತೆಂದು ಅವರು ಒಂದು ದಿನವೂ ಮರುಗಿದ್ದಿಲ್ಲ. ಆದರೆ ಅಪ್ಪನಿಗೆ ಲೆಕ್ಕ ಕೊಡಬೇಕಿಲ್ಲದ ದುಡ್ಡು ವರ್ಷದಲ್ಲಿ ಅದೊಂದೇ ಆಗಿತ್ತು, ನನ್ನ ಕಾಲೇಜಿನ ಮೊದಲ ಶುಲ್ಕ ಕಟ್ಟಿದ್ದೂ ಅದರಿಂದಲೇ. ಈಗ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುತ್ತಾರೆ, ಕೆಲಸ ಇದ್ದ ದಿನಗಳಲ್ಲಿ. ತಮ್ಮ ಮನೆಗೆ ಬರುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ ಎಂದು ತಾವು ವಿಚಾರಿಸಿದ್ದೀರಾ?

ಪೆರ್ಲದ ಕೃಷಿಕ:
ತಂಗಿ, ವಿಚಾರಿಸಿರಲಿಲ್ಲ, ನಿಮ್ಮ ಮಾತು ಓದಿದ ಮೇಲೆ ವಿಚಾರಿಸಿದೆ. ಇಬ್ಬರು ಬೀಡಿ ಕಟ್ಟುತ್ತಿದ್ದಾರೆ, ಒಬ್ಬರು ಮಗಳ ಮನೆಗೆ ಹೋಗಿದ್ದಾರೆ. ಉಳಿದೊಬ್ಬರು ಯಂತ್ರ ಅರ್ಧ ಸುಲಿದು ಬಿಟ್ಟ ಅಡಿಕೆಯನ್ನು ಆರಿಸಲು ನಮ್ಮಲ್ಲಿಗೇ ಬರುತ್ತಾರೆ, ಅದೂ ಎರಡು ದಿನದ ಕೆಲಸ. ಸುಲಿಯುವ ಕೂಲಿಯಲ್ಲಿ ಉಳಿದ ಹಣ ಏನಾಯಿತೆಂದು ಲೆಕ್ಕದ ಪುಸ್ತಕವನ್ನೂ ತೆರೆದು ನೋಡಿದೆ. ಗುಡ್ಡದ ಬದಿಗೆ ನೂರೈವತ್ತು ಹೊಸ ಸಸಿ ಇಟ್ಟಿದ್ದೇನೆ. ಬಾಯಾರಿನವರೇ, ಅವಕ್ಕೆ ಇನ್ನೂ ನೀರಿನ ವ್ಯವಸ್ಥೆ ಆಗಿಲ್ಲ.