1977ರ ರಾಮೋನ್ಸ್ ಲೈವ್ ಕ್ಯಾಸೆಟ್: ಡಿಜಿಟಲ್ ಮಾಡಿ ಹಂಚೋದು ಹೇಗೆ?

ಬಿ_ಸೈಡ್:
ಅಮೆರಿಕದ ಪಂಕ್ ಬ್ಯಾಂಡ್ ರಾಮೋನ್ಸ್‌ನ ಇಂಗ್ಲೆಂಡ್ ಶೋ ಒಂದರ ಕ್ಯಾಸೆಟ್ ಇದೆ. ಸಿ-90 (90 ನಿಮಿಷದ್ದು), ಪ್ರೇಕ್ಷಕರ ಮಧ್ಯದಿಂದ ರೆಕಾರ್ಡ್ ಆಗಿದ್ದು, ಕಾಪಿಯ ಕಾಪಿ. ಲೇಬಲ್ ಮೇಲೆ 'ಡಿಸೆಂಬರ್ 77' ಅಂತಷ್ಟೇ ಇದೆ, ಊರಿಲ್ಲ, ಡಾಲ್ಬಿ (ಟೇಪಿನ ಹಿಸ್ ತಗ್ಗಿಸೋ ವ್ಯವಸ್ಥೆ) ಗುರುತೂ ಇಲ್ಲ. ಆಲ್ಬಮ್‌ಗಿಂತ ಸಿಕ್ಕಾಪಟ್ಟೆ ಫಾಸ್ಟ್ ಕೇಳಿಸುತ್ತೆ. ಓಡ್ತಿರೋದು ಟೇಪೋ ಬ್ಯಾಂಡೋ? ಹಂಚೋಕೆ 320 ಕೆಬಿಪಿಎಸ್ ಎಂಪಿ3 ಸಾಕಾ? ಹಿಸ್ (ಟೇಪಿನ 'ಸ್ಸ್' ಸದ್ದು) ತೆಗೆದೇ ಕೊಡಬೇಕಾ?

ಕ್ರೋಮ್_ಡೆಕ್:
ಹಿಸ್ ಮುಟ್ಟಲೇಬೇಡಿ. ಅದರ ಜೊತೆ ಸಿಂಬಲ್ ಸದ್ದೂ ಹೋಗುತ್ತೆ, ಆಮೇಲೆ ಯಾರೂ ವಾಪಸ್ ತರೋಕಾಗಲ್ಲ. ಮೊದಲು ಟ್ರಾನ್ಸ್‌ಫರ್ ಸರಿಯಾಗಲಿ.

ಕ್ಯಾಸೆಟ್ ಡೆಕ್ಕಿನ ಹೆಡ್ಡನ್ನ (ಟೇಪ್ ಓದೋ ಭಾಗ) 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಟೇಪ್ ಹಾಕಿ. ಆಮೇಲೆ ಆಜಿಮತ್, ಅಂದ್ರೆ ಟೇಪಿಗೆ ಹೆಡ್ ಇರೋ ಕೋನ. ಹೆಡ್ ಪಕ್ಕ ಎರಡು ಸ್ಕ್ರೂ ಇರುತ್ತೆ, ಸ್ಪ್ರಿಂಗ್ ಇರೋದೇ ಆಜಿಮತ್ ಸ್ಕ್ರೂ. ಎರಡೂ ಚಾನೆಲ್ ಸೇರಿಸಿ ಮೋನೊದಲ್ಲಿ ಕೇಳ್ತಾ, ಕೂದಲೆಳೆಯಷ್ಟೇ ತಿರುಗಿಸಿ. ಸಿಂಬಲ್ಲು, ಹಾಡುಗಾರನ 'ಸ' ಎಲ್ಲಿ ಅತಿ ಚೂಪಾಗಿ ಕೇಳುತ್ತೋ ಅಲ್ಲಿ ನಿಲ್ಲಿಸಿ. ಬಿ ಸೈಡಿಗೆ ಇದನ್ನ ಮತ್ತೆ ಮಾಡಬೇಕು, ಎರಡು ಸೈಡಿನ ಕೋನ ಒಂದೇ ಇರುತ್ತೆ ಅಂತೇನಿಲ್ಲ. ಡಾಲ್ಬಿ ಆಫ್ ಇರಲಿ.

ಲ್ಯಾಪ್‌ಟಾಪಿನ ಹೆಡ್‌ಸೆಟ್ ಜಾಕ್‌ಗೆ ಚುಚ್ಚಬೇಡಿ, ಅದು ಮೋನೊ ಮೈಕ್ ಇನ್‌ಪುಟ್, ಡೆಕ್ಕಿನ ಲೈನ್ ಔಟ್ ಅಲ್ಲಿ ಒಡೆದುಹೋಗುತ್ತೆ. ಲೈನ್-ಇನ್ ಇರೋ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು. 24 ಬಿಟ್, 48 ಕಿಲೊಹರ್ಟ್ಸ್, ಪೀಕ್ ಮೈನಸ್ 6 ಡಿಬಿ ದಾಟದ ಹಾಗೆ.

ಇನ್ನು ಸ್ಪೀಡು. ರಾಮೋನ್ಸ್ ಸ್ಟೇಜ್ ಮೇಲೆ ರೆಕಾರ್ಡಿಗಿಂತ ಜೋರಾಗೇ ಓಡಿಸ್ತಿದ್ರು, ಹಾಗಾಗಿ ಟೆಂಪೊ ನೋಡಿ ಏನೂ ಹೇಳೋಕಾಗಲ್ಲ. ಹಾಡುಗಳ ನಡುವೆ ಆಂಪ್ ಗುಂಯ್‌ಗುಡೋ ಜಾಗ ಹುಡುಕಿ. ಬ್ರಿಟನ್ನಿನ ಕರೆಂಟ್ 50 ಹರ್ಟ್ಸ್, ಆ ಗುಂಯ್ 50 ಮತ್ತು 100ರಲ್ಲಿ ಇರಬೇಕು (ಅಮೆರಿಕದ ಶೋ ಆಗಿದ್ರೆ 60, 120). ಒಂದು ಕಾಪಿಯನ್ನ 8,000 ಹರ್ಟ್ಸ್‌ಗೆ ರೀಸ್ಯಾಂಪಲ್ ಮಾಡಿ, ಆಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರಿನ ಸ್ಪೆಕ್ಟ್ರಮ್‌ನಲ್ಲಿ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸೋ ಗ್ರಾಫ್) ಸೈಜ್ 65536 ಇಟ್ಟು ನೋಡಿ. ರೀಸ್ಯಾಂಪಲ್ ಮಾಡದಿದ್ರೆ ಅರ್ಧ ಹರ್ಟ್ಸ್ ವ್ಯತ್ಯಾಸವೂ ಕಾಣಲ್ಲ. 100ರ ಬದಲು 103 ಬಂದ್ರೆ ಟೇಪ್ 3% ಫಾಸ್ಟ್, ಅಂದ್ರೆ ಅರ್ಧ ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಗಳ ಅಂತರದ ಅರ್ಧ). ಆಗ ಸ್ಪೀಡನ್ನ 0.971ರಿಂದ ಗುಣಿಸಿ. ಪಿಚ್ ಮಾತ್ರ ಬದಲಿಸೋ ಎಫೆಕ್ಟ್ ಬೇಡ, ಟೇಪಿನಲ್ಲಿ ಪಿಚ್ಚೂ ಟೆಂಪೊನೂ ಒಟ್ಟಿಗೇ ಜಾರೋದು.

ಅಟೆಂಡೆನ್ಸ್_ಶಾರ್ಟೇಜ್:
ಹಂಚೋ ಮುಂಚೆ ಯಾವ ಊರಿನ ಶೋ ಅಂತ ಪತ್ತೆ ಮಾಡಿ ಗುರು, ಇಲ್ಲಿ ಅದೇ ಮುಖ್ಯ. 31 ಡಿಸೆಂಬರ್ 1977ರ ಲಂಡನ್ ರೇನ್‌ಬೋ ಥಿಯೇಟರ್ ಶೋ 1979ರಲ್ಲೇ 'ಇಟ್ಸ್ ಅಲೈವ್' ಅಂತ ಆಲ್ಬಮ್ ಆಗಿ ಬಂತು. ಅದರ 2019ರ ಬಾಕ್ಸ್ ಸೆಟ್‌ನಲ್ಲಿ ಅದೇ ಟೂರಿನ ಬರ್ಮಿಂಗ್‌ಹ್ಯಾಮ್, ಸ್ಟೋಕ್, ಏಲ್ಸ್‌ಬರಿ ಶೋಗಳೂ (ಡಿಸೆಂಬರ್ 28, 29, 30) ಬಂದವು. ನಿಮ್ಮದು ಇವುಗಳಲ್ಲೊಂದಾದ್ರೆ, ಪ್ರೇಕ್ಷಕರ ಟೇಪ್ ಆದ್ರೂ ಹಾಕಬೇಡಿ. ಮಾರಾಟಕ್ಕಿರೋ ಶೋವನ್ನ ಹಂಚದಿರೋದು ಟೇಪ್ ಬಳಗದ ಹಳೇ ಮರ್ಯಾದೆ.

ಬೇರೆ ಶೋ ಆದ್ರೂ 'ಫ್ರೀ ಕೊಡ್ತೀನಿ' ಅಂದಮಾತ್ರಕ್ಕೆ ಹಕ್ಕು ಬರಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್‌ನಲ್ಲೇ ಕಲಾವಿದರ ಹಕ್ಕು 50 ವರ್ಷ. ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ವಿಭಾಗ ಕೂಡ ಒಪ್ಪಿಗೆ ಕೊಟ್ಟ ಬ್ಯಾಂಡ್‌ಗಳದ್ದನ್ನ ಮಾತ್ರ ತಗೊಳ್ಳುತ್ತೆ. ಫುಗಾಝಿ ಬ್ಯಾಂಡ್ ಥರ ತಮ್ಮದೇ ನೂರಾರು ಶೋ ತಾವೇ ಆನ್‌ಲೈನ್ ಹಾಕೋ ದೊಡ್ಡ ಮನಸ್ಸು ಎಲ್ಲರಿಗೂ ಎಲ್ಲಿರುತ್ತೆ!

ಎಂಪಿ3 ಬೇಡವೇ ಬೇಡ, ಫ್ಲ್ಯಾಕ್ (ಸದ್ದಿನ ಗುಣಮಟ್ಟ ಕಳೆಯದ ಫಾರ್ಮ್ಯಾಟ್) ಕೊಡಿ. ಎಂಪಿ3ಯನ್ನ ಫ್ಲ್ಯಾಕ್ ಮಾಡಿ ಕೊಟ್ರೂ ಗೊತ್ತಾಗುತ್ತೆ. ಕ್ಯಾಸೆಟ್ಟಿನಲ್ಲಿ ಮೇಲಿನ ಫ್ರೀಕ್ವೆನ್ಸಿ ನಿಧಾನಕ್ಕೆ ಇಳಿಯುತ್ತೆ, 128 ಕೆಬಿಪಿಎಸ್ ಎಂಪಿ3ಯಲ್ಲಿ 16 ಕಿಲೊಹರ್ಟ್ಸ್ ಹತ್ತಿರ ಗೋಡೆ ಕಟ್ಟಿದಂಗೆ ನಿಲ್ಲುತ್ತೆ.

ಬಿ_ಸೈಡ್:
ಥ್ಯಾಂಕ್ಸ್ ಇಬ್ಬರಿಗೂ. ಸ್ಪೆಕ್ಟ್ರಮ್ ನೋಡಿದೆ. ಸರಿಯಾಗಿ 50ರಲ್ಲಿ ಒಂದು ಪೀಕ್, 51.5ರಲ್ಲಿ ಇನ್ನೊಂದು. ಯಾವುದನ್ನ ನಂಬಲಿ?

ಕ್ರೋಮ್_ಡೆಕ್:
ಟೇಪ್ ನಿಲ್ಲಿಸಿ, ಡೆಕ್ ಆನ್ ಇಟ್ಟು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಗಲೂ 50 ಉಳಿದ್ರೆ ಅದು ನಿಮ್ಮ ಮನೆ ಕರೆಂಟಿನದು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನ ಬ್ಯಾಟರಿ ಮೇಲೆ ಓಡಿಸಿ, ಸಾಮಾನ್ಯವಾಗಿ ಹೋಗುತ್ತೆ. 51.5 ಟೇಪಿನೊಳಗಿನದು. ಶುರುವಲ್ಲೂ ಕೊನೆಯಲ್ಲೂ ಅಳೆಯಿರಿ, ರೆಕಾರ್ಡರಿನ ಬ್ಯಾಟರಿ ಇಳೀತಾ ಬಂದಿದ್ರೆ ಎರಡೂ ಬೇರೆ ಬರುತ್ತೆ.

ಟ್ರ್ಯಾಕ್ ಕತ್ತರಿಸುವಾಗ ಬ್ಯಾಂಡಿನ ಬಾಸಿಸ್ಟ್ ಡೀ ಡೀಯ 'ಒನ್ ಟೂ ತ್ರೀ ಫೋರ್' ಮುಂದಿನ ಹಾಡಿನ ಜೊತೆ ಇರಲಿ. ಸಿಡಿಗೆ ಸುಡೋರಿಗೆ 16 ಬಿಟ್, 44.1 ಕಾಪಿ ಮಾಡೋದಾದ್ರೆ 588 ಸ್ಯಾಂಪಲ್‌ಗಳ (ಸಿಡಿಯ ಒಂದು ಸೆಕ್ಟರ್) ಗುಣಕದಲ್ಲೇ ಕತ್ತರಿಸಿ, ಇಲ್ಲದಿದ್ರೆ ಹಾಡು ಹಾಡಿಗೂ 'ಟಿಕ್' ಅನ್ನುತ್ತೆ. ಜೊತೆಗೆ ಒಂದು ಟೆಕ್ಸ್ಟ್ ಫೈಲ್: ಎಷ್ಟನೇ ಕಾಪಿ, ಯಾವ ಡೆಕ್, ಯಾವ ಇಂಟರ್‌ಫೇಸ್, ಸ್ಪೀಡ್ ಎಷ್ಟು ತಿದ್ದಿದ್ರಿ, ಸೈಡ್ ತಿರುಗಿಸುವಾಗ ಯಾವ ಹಾಡು ತುಂಡಾಯ್ತು. ತಿದ್ದದ ಮೂಲ ಫೈಲ್ ಅಳಿಸಬೇಡಿ.