ಹಾವುಗಳಿಗೆ ಕಾಯಿಲೆ ಹರಡುತ್ತಿದೆ, ಅನುಭವ ಇರುವವರು ಹೇಳಿ

ಕುವೆಂಪುನಗರದಿಂದ:
ನನ್ನ ಹತ್ತಿರ ನಾಲ್ಕು ಬಾಲ್ ಪೈಥಾನ್, ಎರಡು ಕಾರ್ನ್ ಸ್ನೇಕ್ ಇವೆ, ಎರಡೂ ಮನೇಲಿ ಸಾಕುವ ವಿಷವಿಲ್ಲದ ಹಾವುಗಳು. ಹೋದ ತಿಂಗಳು ತಂದ ಪೈಥಾನ್ ಇಲಿ ಮುಟ್ಟುತ್ತಿಲ್ಲ. ಎರಡು ದಿನದಿಂದ ತಲೆ ಹಿಂದಕ್ಕೆ ಎತ್ತಿ ಡಬ್ಬದ ಮುಚ್ಚಳವನ್ನೇ ನೋಡುತ್ತಾ ಇರುತ್ತದೆ. ಅಂಗಾತ ಹಾಕಿದರೆ ಮಗುಚಿಕೊಳ್ಳಲು ಒದ್ದಾಡುತ್ತದೆ. ಇವತ್ತು ಹಳೇ ಹಾವೊಂದರ ನೀರಿನ ಬಟ್ಟಲಲ್ಲಿ ರಾಗಿಗಿಂತ ಸಣ್ಣ ಕಪ್ಪು ಚುಕ್ಕೆಗಳು. ಮನೇಲಿ ‘ಬೇಡ ಅಂದ್ರೂ ಕೇಳಲಿಲ್ಲ’ ಅಂತ ಶುರುವಾಗಿದೆ. ಯಾರಿಗಾದರೂ ಹೀಗಾಗಿತ್ತಾ?

ವಿಜಯನಗರದಿಂದ:
ಆಗಿತ್ತು ಸರ್. ಆ ಚುಕ್ಕೆ ಮೈಟ್ಸ್ ಇರಬೇಕು, ಹಾವಿನ ರಕ್ತ ಹೀರುವ ಸಣ್ಣ ಹುಳು. ಬಿಳಿ ಟಿಶ್ಯೂ ಒದ್ದೆ ಮಾಡಿ ಹಾವಿನ ಗದ್ದದ ಕೆಳಗೆ ಒರೆಸಿ, ಗೊತ್ತಾಗುತ್ತದೆ. ಹೊಸದನ್ನು ಇವತ್ತೇ ಬೇರೆ ರೂಮಿಗೆ ಹಾಕಿ. ಅದೇ ರೂಮಿನ ಇನ್ನೊಂದು ಮೂಲೆ ಸಾಲದು, ಮೈಟ್ಸ್ ನಡೆದುಕೊಂಡೇ ಬರುತ್ತವೆ. ಮೊಟ್ಟೆ ಇಡುವುದೂ ಹಾವಿನ ಮೈಮೇಲಲ್ಲ, ಡಬ್ಬದ ಸಂದಿಯಲ್ಲಿ.

ನಾನು ಮಾಡಿದ ತಪ್ಪು ಕೇಳಿ. ಹೊಸ ಪೈಥಾನನ್ನು ಹತ್ತು ದಿನ ಬೇರೆ ಇಟ್ಟು, ಚೆನ್ನಾಗೇ ಇದೆಯಲ್ಲ ಅಂತ ಮಿಕ್ಕವುಗಳ ಜೊತೆ ಸೇರಿಸಿದೆ. ಇಡಬೇಕಾದದ್ದು ಮೂರು ತಿಂಗಳು. ಇಲಿ ಕೊಡುವ ಇಕ್ಕಳವೂ ಎಲ್ಲದಕ್ಕೂ ಒಂದೇ. ಆರು ವಾರಕ್ಕೆ ನಿಮ್ಮದೇ ಲಕ್ಷಣ. ಮೊದಲು ತೋರಿಸಿದ ಡಾಕ್ಟರು ವಿಟಮಿನ್ ಚುಚ್ಚಿ ಕಳಿಸಿದರು. ಹಾವು ನೋಡಿ ಗೊತ್ತಿದ್ದವರು ಸಿಗುವಷ್ಟರಲ್ಲಿ ಎರಡು ಹೋಗಿದ್ದವು. ಇನ್‌ಕ್ಲೂಷನ್ ಬಾಡಿ ಡಿಸೀಸ್ ಅಂದರು. ವೈರಸ್‌ನಿಂದ ಬರುವುದು, ಔಷಧಿ ಇಲ್ಲ. ಪೈಥಾನ್ ಬೇಗ ಕುಸಿಯುತ್ತದೆ. ಬೋವಾ (ಹೆಬ್ಬಾವಿನಂಥದ್ದೇ ಇನ್ನೊಂದು ಜಾತಿ) ಆದರೆ ಏನೂ ತೋರಿಸದೆ ವರ್ಷಗಟ್ಟಲೆ ಬೇರೆಯವಕ್ಕೆ ಹಂಚುತ್ತಾ ಇರಬಹುದು.

ಆದರೆ ತಲೆ ಎತ್ತಿದ ಮಾತ್ರಕ್ಕೆ ಅದೇ ಅಂತ ಕೈಚೆಲ್ಲಬೇಡಿ. ಡಬ್ಬ ಬೆಚ್ಚಗಿಡುವ ಹೀಟ್ ಮ್ಯಾಟ್ ಜಾಸ್ತಿ ಬಿಸಿಯಾದರೂ, ಜಿರಳೆ ಸ್ಪ್ರೇ ತಾಗಿದರೂ ಹೀಗೇ ಆಡುತ್ತವೆ. ರಕ್ತ ಪರೀಕ್ಷೆ, ವೈರಸ್ ಇದೆಯಾ ಅಂತ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಚೆನ್ನಾಗಿರುವವನ್ನು ಮೊದಲು ನೋಡಿಕೊಳ್ಳಿ, ಕಾಯಿಲೆಯದ್ದನ್ನು ಕೊನೆಗೆ. ಆಮೇಲೆ ಅಂಗಿ ಬದಲಾಯಿಸಿ. ನಗಬೇಡಿ, ಮಿಕ್ಕ ಮೂರು ಉಳಿದದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಮಂಡ್ಯದಿಂದ:
ಬಾಯಿ ತೆರೆದು ಉಸಿರಾಡುತ್ತಿದೆಯಾ, ಮೂಗಿನ ಹತ್ತಿರ ಗುಳ್ಳೆ ಬರುತ್ತಿದೆಯಾ ನೋಡಿ. ನಮ್ಮದಕ್ಕೆ ಡಿಸೆಂಬರ್‌ನಲ್ಲಿ ಹಾಗಾಗಿತ್ತು. ರಾತ್ರಿ ಕರೆಂಟ್ ಹೋಗಿ ಡಬ್ಬ ತಣ್ಣಗಾಗಿ, ಶ್ವಾಸಕೋಶಕ್ಕೆ ಸೋಂಕು. ಮೂರು ದಿನಕ್ಕೊಂದು ಇಂಜೆಕ್ಷನ್, ಮೈಯ ಮುಂಭಾಗಕ್ಕೇ ಕೊಡಬೇಕು. ಬಿಸಿ ಕಡೆ 31-32 ಡಿಗ್ರಿ ಇಲ್ಲದಿದ್ದರೆ ಔಷಧಿ ಸರಿಯಾಗಿ ನಾಟುವುದಿಲ್ಲ. ಈಗ ಇನ್ವರ್ಟರ್‌ಗೆ ಟಿವಿ ಇಲ್ಲ, ಹಾವು ಮಾತ್ರ.

ಸರಸ್ವತಿಪುರಂನಿಂದ:
ಕಾರ್ನ್ ಸ್ನೇಕ್ ನುಂಗಿದ್ದನ್ನು ಪದೇಪದೇ ಕಕ್ಕುತ್ತಿದ್ದರೆ, ಹೊಟ್ಟೆಯ ನಡುವೆ ಉಬ್ಬಿದ್ದರೆ ಕ್ರಿಪ್ಟೊ ಇರಬಹುದು, ಹೊಟ್ಟೆಯಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ. ಬ್ಲೀಚ್‌ಗೆ ಅದು ಜಗ್ಗುವುದಿಲ್ಲ. ಡಬ್ಬ ಬಿಸಾಡಿದ್ದೇ ನಾನು.

ಇನ್ನೊಂದು, ಬಾಲ್ ಪೈಥಾನ್ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು, ಸತ್ತರೂ ತಿಳಿಸಬೇಕು. ಹೋದರೆ ಸುಮ್ನೆ ಹೂಳಬೇಡಿ. ಪೋಸ್ಟ್‌ಮಾರ್ಟಂ ಮಾಡಿಸಿ, ಉಳಿದವಕ್ಕೂ ಏನು ಕಾದಿದೆ ಅಂತ ಗೊತ್ತಾಗುತ್ತದೆ.

ಕುವೆಂಪುನಗರದಿಂದ:
ಸ್ಪ್ರೇ ವಿಷಯ ಓದಿ ಎದೆ ಧಸಕ್ ಅಂತು. ಹೋದ ವಾರ ಅಮ್ಮ ಅಡುಗೆಮನೆಗೆ ಹೊಡೆದಿದ್ದರು, ಹಾವಿನ ರೂಮು ಪಕ್ಕದಲ್ಲೇ. ಅವರನ್ನು ಇನ್ನೂ ಕೇಳಿಲ್ಲ. ಹೊಸದು ಈಗ ಮಹಡಿ ರೂಮಿನಲ್ಲಿದೆ. ದೇವರಾಜ ಮಾರ್ಕೆಟ್ ಕಡೆ ಹೋಗಿ ಇನ್ನೊಂದು ಇಕ್ಕಳ ತಂದೆ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗುತ್ತೇವೆ. ಅಮ್ಮನೂ ಬರುತ್ತಾರಂತೆ.