ಅಮ್ಮನ ಜೊತೆ ಸೇಂಟ್ ಮೇರೀಸ್ ದ್ವೀಪ: ಬಸ್ಸಲ್ಲೇ ಆಗುತ್ತಾ?

ಹಾವೇರಿ ಹುಡುಗಿ:
ಡಿಸೆಂಬರಲ್ಲಿ ಅಮ್ಮನನ್ನು ಉಡುಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ 66 ವರ್ಷ, ಮಂಡಿನೋವು ಬೇರೆ. ಸೀರೆ ಬಿಟ್ಟು ಏನೂ ಉಡುವುದಿಲ್ಲ. ಕೃಷ್ಣಮಠ ಆದಮೇಲೆ ದ್ವೀಪ ನೋಡಲೇಬೇಕಂತೆ. ಕಾರಿಲ್ಲ. ಬಸ್ಸಲ್ಲೇ ಆಗುತ್ತಾ? ದೋಣಿ ಹತ್ತಿಸುವುದು ಕಷ್ಟವಾ?

ಮಲ್ಪೆ ಮಗ:
ಬಸ್ಸಿನ ಚಿಂತೆಯೇ ಬೇಡ ಮಾರಾಯ್ರೆ. ದ್ವೀಪದ ಬೋಟು ಹೊರಡುವುದು ಮಲ್ಪೆಯಿಂದ, ಉಡುಪಿಯಿಂದ ಅಲ್ಲಿಗೆ ಬರೀ 6 ಕಿ.ಮೀ. ಸಿಟಿ ಬಸ್‌ಸ್ಟ್ಯಾಂಡಲ್ಲಿ ನಿಂತರೆ ಸಾಕು, ಕಂಡಕ್ಟರೇ ಕೂಗಿ ಹತ್ತಿಸಿಕೊಳ್ಳುತ್ತಾನೆ.

ಕಷ್ಟ ಇರುವುದು ಕೊನೆಯಲ್ಲಿ. ದೊಡ್ಡ ಬೋಟು ದ್ವೀಪದ ದಡಕ್ಕೆ ತಾಗುವುದಿಲ್ಲ. ಹತ್ತಿರ ಹೋದಮೇಲೆ ಸಣ್ಣ ದೋಣಿಗೆ ದಾಟಿಸುತ್ತಾರೆ. ಒಂದು ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತದೆ. ನನ್ನ ಅತ್ತೆ ಅಲ್ಲಿ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ನಿಂತುಬಿಟ್ಟಿದ್ದರು! ಅವಸರ ಮಾಡಬೇಡಿ. ಎರಡೂ ಸಮ ಆಗುವ ಹೊತ್ತಿಗೆ ಬೋಟಿನವರು "ಈಗ ಬನ್ನಿ" ಅನ್ನುತ್ತಾರೆ, ಆಗಲೇ ಕಾಲಿಡಲಿ. ಅಮ್ಮನ ಬೆರಳಲ್ಲ, ಮಣಿಕಟ್ಟು ಹಿಡಿಯಿರಿ. ಇಳಿಯುವಾಗ ಕಾಲು ಒದ್ದೆಯಾದೀತು.

ಬೆಳಿಗ್ಗೆಯೇ ಹೋಗಿ. ಜನ ತುಂಬದೆ ಬೋಟು ಬಿಡುವುದಿಲ್ಲ, ವಾರದ ದಿನ ಸುಮ್ನೆ ಕಾಯಬೇಕಾಗುತ್ತದೆ. ಕಾಯುವ ಹೊತ್ತಲ್ಲಿ ಮಲ್ಪೆಯಲ್ಲೇ ಇರುವ ವಡಭಾಂಡೇಶ್ವರದ ಬಲರಾಮನ ಗುಡಿ ನೋಡಿ ಬನ್ನಿ.

ಕಡಲ ಕಲ್ಲು:
ಮೇಲಿನವರು ಕಲ್ಲಿನ ವಿಷಯ ಬಿಟ್ಟರು, ಊರಿನವರಿಗೆ ಅದು ಅಂಗಳದ ಕಲ್ಲು ಅಲ್ವಾ! ಅಲ್ಲಿ ನೋಡಬೇಕಾದ್ದೇ ಅದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ. ಆರುತ್ತಾ ಕುಗ್ಗಿ ಸೀಳಿ ಕಂಬ ಕಂಬವಾಗಿದೆ. ಮೇಲಿಂದ ನೋಡಿದರೆ ಜೇನುಗೂಡಿನ ಹಾಗೆ ಆರು ಮೂಲೆ. ಆದರೆ ಪಾಚಿ ಜಾಸ್ತಿ. ನಾನು ರಬ್ಬರ್ ಚಪ್ಪಲಿಯಲ್ಲಿ ಜಾರಿ ಮೊಣಕೈ ತರಚಿಕೊಂಡೆ. ಅಮ್ಮನನ್ನು ತೆಂಗಿನ ಮರದ ನೆರಳಲ್ಲೇ ಕೂರಿಸಿ, ಅಲ್ಲಿಂದಲೂ ಕಾಣುತ್ತದೆ.

ಮಲ್ಪೆ ಮಗ:
ಒಪ್ಪಿದೆ. ಇನ್ನೊಂದು, ಮಳೆಗಾಲದಲ್ಲಿ ಯಾರಾದರೂ ಇದನ್ನು ಓದಿದರೆ ಹೊರಡಬೇಡಿ, ಬೋಟು ಇರುವುದಿಲ್ಲ.

ಹಾವೇರಿ ಹುಡುಗಿ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. "ಹರಿಗೋಲಲ್ಲಿ ತುಂಗಭದ್ರೆ ದಾಟಿದವಳು ನಾನು, ನಿನ್ನ ಮಣಿಕಟ್ಟು ನಾನೇ ಹಿಡೀತೀನಿ" ಅಂದರು. ಬುಧವಾರ ಬೆಳಿಗ್ಗೆಗೆ ಇಟ್ಟುಕೊಂಡಿದ್ದೇವೆ. ಚಪ್ಪಲಿ ಹೊಸದು ತಗೊಳ್ಳಬೇಕು.